3.4 ಕಿಲೊ ಡೀಸೆಲ್, 79 ಕಿಲೊ ಗಾಳಿ

ಯಾದಗಿರಿಯಲ್ಲಿ ಮಂದಿ ತುಂಬಿಕೊಂಡು, ಭೀಮಾ ಸೇತುವೆ ದಾಟಿ, ಶಹಾಪುರ ಹಾಯ್ದು ಸುರಪುರ ಮುಟ್ಟುವ ಕ್ರೂಸರ್ ಗಾಡಿ ಓಡುವ ದೂರ ಸುಮಾರು 60 ಕಿಲೊಮೀಟರ್. ಶಹಾಪುರದವರೆಗೆ 35ರ ಆಸುಪಾಸು; ಅಲ್ಲಿಂದ ಭೀಮರಾಯನಗುಡಿ, ಹತ್ತಿಗುಡೂರ ಮೇಲೆ ಸುರಪುರಕ್ಕೆ ಇನ್ನೊಂದು 25. ಈ ಒಂದು ಸರದಿಗೆ ಬೇಕಾಗುವ ಡೀಸೆಲ್ ಸುಮಾರು 4.1 ಲೀಟರ್, ತೂಕದಲ್ಲಿ 3.4 ಕಿಲೊ. ಅಷ್ಟನ್ನು ಸುಡಲು ಎಂಜಿನ್ ಒಳಗೆಳೆದುಕೊಳ್ಳುವ ಗಾಳಿ 79 ಕಿಲೊ.

ಡೀಸೆಲ್‌ಗೆ ಪಂಪಿನಲ್ಲಿ ದುಡ್ಡು ಕೊಡುತ್ತೇವೆ, ಹಾಗಾಗಿ ಅದರ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಗಾಳಿಗೆ ರಸೀದಿ ಇಲ್ಲ, ಅದರ ಲೆಕ್ಕ ಯಾರೂ ಇಡುವುದಿಲ್ಲ. ಆದರೆ ಟರ್ಬೊ ಕೂರಿಸಿದ, ಸಿಲಿಂಡರಿನೊಳಕ್ಕೆ ನೇರವಾಗಿ ಇಂಧನ ಚಿಮ್ಮಿಸುವ ಇವತ್ತಿನ ಎಂಜಿನ್‌ಗಳ ಎಳೆತ, ಎವರೇಜು, ಬಾಳಿಕೆ, ರಿಪೇರಿಯ ಖರ್ಚು ಎಲ್ಲವೂ ನಿಂತಿರುವುದು ಈ 79 ಕಿಲೊದ ಮೇಲೆ. ಮೇ ತಿಂಗಳ ಬಿಸಿಲು, ಎರೆ ಮಣ್ಣಿನ ಧೂಳು, ಸುಗ್ಗಿಯಲ್ಲಿ ಹಾರುವ ಹತ್ತಿಯ ಎಳೆ ಇರುವ ನಮ್ಮ ಸೀಮೆಯಲ್ಲಿ ಆ ಗಾಳಿ ಪುಕ್ಕಟೆ ಸಿಗುವುದಿಲ್ಲ. ಈ ಬರಹ ಅದರ ಬೆಲೆ ಕಟ್ಟುವ ಪ್ರಯತ್ನ.

ಮೊದಲು 4.1 ಲೀಟರ್ ಹೇಗೆ ಬಂತು ನೋಡೋಣ. ಹನ್ನೆರಡು ಮಂದಿ, ಅವರ ಚೀಲ, ಚಾಲಕ, ಗಾಡಿ ಸೇರಿ 3 ಟನ್ ಎಂದು ಹಿಡಿದೆ. ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿ ಟೈರುಗಳ ಉರುಳುವ ತಡೆ ಸುಮಾರು 350 ನ್ಯೂಟನ್, ಎದುರುಗಾಳಿಯ ತಡೆ 240, ಕೂಡಿದರೆ 590. ಇಷ್ಟು ತಡೆಯ ವಿರುದ್ಧ 60 ಕಿಲೊಮೀಟರ್ ತಳ್ಳಲು ಬೇಕಾದ ಕೆಲಸ 35 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 35.8 ಮೆಗಾಜೂಲ್ ಶಕ್ತಿ ಇದೆ. ಎಂದರೆ ಸುಟ್ಟದ್ದೆಲ್ಲ ಚಕ್ರಕ್ಕೆ ಸೇರುವಂತಿದ್ದರೆ ಒಂದೇ ಲೀಟರಿನಲ್ಲಿ ಸುರಪುರ ಮುಟ್ಟಬಹುದಿತ್ತು. ಆದರೆ ದಾರಿ ಮೇಲೆ, ಅರ್ಧ ಹೊರೆಯಲ್ಲಿ, ಗೇರ್‌ಬಾಕ್ಸಿನ ನಷ್ಟ ಕಳೆದು ಚಕ್ರಕ್ಕೆ ತಲುಪುವುದು ನೂರಕ್ಕೆ 27ರಷ್ಟು. ಉಳಿದದ್ದು ರೇಡಿಯೇಟರ್‌ನಲ್ಲೂ ಸೈಲೆನ್ಸರ್‌ನಲ್ಲೂ ಬಿಸಿಯಾಗಿ ಹೋಗುತ್ತದೆ. ಹೀಗೆ 3.7 ಲೀಟರ್ ಆಯಿತು.

ಮಿಕ್ಕ 0.4 ಲೀಟರ್ ನಿಲುಗಡೆಗಳದ್ದು. 60ರ ವೇಗದಲ್ಲಿರುವ 3 ಟನ್ ಗಾಡಿಯ ಮೈಯಲ್ಲಿ 417 ಕಿಲೊಜೂಲ್ ಓಟದ ಶಕ್ತಿ ಇರುತ್ತದೆ. ಕ್ರಾಸಿನಲ್ಲಿ ಕೈ ಮಾಡಿದವರಿಗಾಗಿ ಬ್ರೇಕ್ ಒತ್ತಿದಾಗ ಅದಷ್ಟೂ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಮತ್ತೆ ಅದೇ ವೇಗಕ್ಕೆ ಏರಲು 43 ಮಿಲಿಲೀಟರ್ ಡೀಸೆಲ್ ಬೇಕು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನ ದರ ಲೀಟರಿಗೆ ₹91 ದಾಟಿತು. ಆ ₹91ನ್ನೇ ಇಲ್ಲಿ ಉದ್ದಕ್ಕೂ ಬಳಸಿದ್ದೇನೆ. ಅದರಂತೆ ಒಂದು ನಿಲುಗಡೆಗೆ ₹3.90. ಹತ್ತು ಕಡೆ ನಿಂತರೆ ₹39. ಇಡೀ ಸರದಿಯ ಡೀಸೆಲ್ ಖರ್ಚು ₹373, ಹನ್ನೆರಡು ಮಂದಿಗೆ ಹಂಚಿದರೆ ತಲೆಗೆ ₹31.

ಇನ್ನು ಗಾಳಿ. ಒಂದು ಕಿಲೊ ಡೀಸೆಲ್ ಪೂರ್ತಿ ಸುಡಲು ಲೆಕ್ಕಕ್ಕೆ 14.5 ಕಿಲೊ ಗಾಳಿ ಸಾಕು. ಆದರೆ ಡೀಸೆಲ್ ಎಂಜಿನ್ ಯಾವತ್ತೂ ಅಗತ್ಯಕ್ಕಿಂತ ಹೆಚ್ಚು ಗಾಳಿಯಲ್ಲೇ ಕೆಲಸ ಮಾಡುತ್ತದೆ. ಕಡಿಮೆಯಾದರೆ ಕರಿ ಹೊಗೆ. ಸರಾಸರಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, 1.6 ಪಟ್ಟು ಎಂದು ಹಿಡಿದರೆ ಕಿಲೊಗೆ 23 ಕಿಲೊ ಗಾಳಿ. 3.4 ಕಿಲೊಗೆ 79. ಬೇಸಿಗೆಯ ಯಾದಗಿರಿಯಲ್ಲಿ ಇಷ್ಟು ಗಾಳಿ ತುಂಬುವ ಜಾಗ 74 ಘನ ಮೀಟರ್, ಲೀಟರ್ ಲೆಕ್ಕದಲ್ಲಿ 74,000. ಹೊರಗೆ ಬರುವಾಗ ಅದರಲ್ಲಿ 11 ಕಿಲೊ ಇಂಗಾಲದ ಡೈಆಕ್ಸೈಡ್ ಇರುತ್ತದೆ. 3.4 ಕಿಲೊ ಸುಟ್ಟು 11 ಕಿಲೊ ಹೊರಬರುವುದು ಹೇಗೆಂದರೆ, ಹೆಚ್ಚಿನ ತೂಕವೆಲ್ಲ ಗಾಳಿಯಿಂದ ಎತ್ತಿಕೊಂಡ ಆಮ್ಲಜನಕದ್ದು.

ಟರ್ಬೊ ಕೊಡುವುದೇನು

ಬೊಲೆರೊದ ಈಗಿನ ಎಂಜಿನ್ನನ್ನೇ ತೆಗೆದುಕೊಳ್ಳಿ. ಮೂರು ಸಿಲಿಂಡರ್, 1,493 ಸಿಸಿ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆದುಕೊಳ್ಳುತ್ತದೆ. ಆದ್ದರಿಂದ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಅದು ಎಳೆಯುವ ಗಾಳಿ 1,493 ಲೀಟರ್. ಎಷ್ಟು ಲೀಟರ್ ಎನ್ನುವುದನ್ನು ಸಿಲಿಂಡರಿನ ಅಳತೆ ಗೊತ್ತುಮಾಡಿಬಿಟ್ಟಿದೆ, ಅದನ್ನು ಯಾರೂ ಹೆಚ್ಚಿಸಲಾರರು. ಹೆಚ್ಚಿಸಬಹುದಾದದ್ದು ಆ ಲೀಟರುಗಳೊಳಗಿನ ತೂಕ.

ಯಾದಗಿರಿ ಸಮುದ್ರಮಟ್ಟದಿಂದ 390 ಮೀಟರ್ ಸುತ್ತ ಎತ್ತರದಲ್ಲಿದೆ. ಮೇ ತಿಂಗಳ 42 ಡಿಗ್ರಿಯಲ್ಲಿ ಇಲ್ಲಿನ ಒಂದು ಘನ ಮೀಟರ್ ಗಾಳಿ ತೂಗುವುದು 1.06 ಕಿಲೊ. ಟರ್ಬೊ ಇಲ್ಲದಿದ್ದರೆ ಈ ಎಂಜಿನ್‌ಗೆ ನಿಮಿಷಕ್ಕೆ ದಕ್ಕುವುದು 1.58 ಕಿಲೊ. ಪೂರ್ತಿ ಒತ್ತಿದಾಗ ಒಂದು ಪಾಲು ಡೀಸೆಲ್‌ಗೆ 19 ಪಾಲು ಗಾಳಿ ಎಂದರೆ 83 ಗ್ರಾಂ ಡೀಸೆಲ್ ಸುಡಬಹುದು. ನೂರಕ್ಕೆ 40ರ ದಕ್ಷತೆಯಲ್ಲಿ ಅದು 24 ಕಿಲೊವ್ಯಾಟ್.

ಈಗ ಟರ್ಬೊ ಸೇರಿಸಿ. ಎಂಜಿನ್‌ನಿಂದ ಹೊರಬೀಳುವ ಬೆಂಕಿಯಂಥ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಹಿಡಿದು ಒಳಕ್ಕೆ ಒತ್ತುತ್ತದೆ. ಒತ್ತಡ ಎರಡು ಪಟ್ಟಾಯಿತು ಎನ್ನೋಣ. ಒತ್ತಿದ ಗಾಳಿ ಬಿಸಿಯಾಗುತ್ತದೆ. 42 ಡಿಗ್ರಿಯದ್ದು 140ಕ್ಕೆ ಏರುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಒತ್ತಡ ಎರಡು ಪಟ್ಟಾದರೂ ತೂಕ ಒಂದೂವರೆ ಪಟ್ಟಿಗೇ ನಿಲ್ಲುತ್ತದೆ. ಅದಕ್ಕೇ ಮುಂದೆ ಇಂಟರ್‌ಕೂಲರ್ ಇಟ್ಟಿರುವುದು. ಏರಿದ ಬಿಸಿಯಲ್ಲಿ ನೂರಕ್ಕೆ 70ರಷ್ಟನ್ನು ಅದು ಇಳಿಸಿದರೆ ಗಾಳಿ 72 ಡಿಗ್ರಿಗೆ ಬರುತ್ತದೆ, ಘನ ಮೀಟರಿಗೆ 1.94 ಕಿಲೊ ತೂಗುತ್ತದೆ. ಅದೇ 1,493 ಲೀಟರಿನಲ್ಲಿ ಈಗ 2.9 ಕಿಲೊ ಗಾಳಿ, 152 ಗ್ರಾಂ ಡೀಸೆಲ್, 43 ಕಿಲೊವ್ಯಾಟ್.

ಈ ಲೆಕ್ಕ ಸರಿಯೇ ಎಂದು ತಾಳೆ ನೋಡಬಹುದು. ಕಂಪನಿ ಹೇಳುವ ಅಂಕಿ 1,600ರಿಂದ 2,200 ಸುತ್ತುಗಳ ನಡುವೆ 210 ನ್ಯೂಟನ್ ಮೀಟರ್ ತಿರುಚು ಬಲ. 2,000 ಸುತ್ತಿನಲ್ಲಿ ಅದು 44 ಕಿಲೊವ್ಯಾಟ್ ಆಗುತ್ತದೆ. ಗಾಳಿಯ ತೂಕ ಹಿಡಿದು ಹೊರಟ ಕೂಡು-ಕಳೆ ಕಂಪನಿಯ ಅಂಕಿಗೆ ಇಷ್ಟು ಹತ್ತಿರ ಬಂದು ನಿಂತದ್ದು ನನಗೆ ಸಂತೋಷ ಕೊಟ್ಟಿತು. ಎಂಜಿನ್ ಎಷ್ಟು ಎಳೆಯುತ್ತದೆ ಎನ್ನುವುದು ಕಡೆಗೂ ಎಷ್ಟು ಕಿಲೊ ಗಾಳಿ ಒಳಗೆ ಹೋಯಿತು ಎನ್ನುವುದೇ.

ಆ ಪುಟ್ಟ ಚಕ್ರ ನಿಮಿಷಕ್ಕೆ 1 ಲಕ್ಷದಿಂದ 2 ಲಕ್ಷ ಸುತ್ತು ತಿರುಗುತ್ತದೆ. 45 ಮಿಲಿಮೀಟರ್ ಅಡ್ಡಳತೆಯ ಚಕ್ರ 1.8 ಲಕ್ಷ ಸುತ್ತಿನಲ್ಲಿದ್ದರೆ ಅದರ ಅಂಚು ಸೆಕೆಂಡಿಗೆ 424 ಮೀಟರ್ ಓಡುತ್ತಿರುತ್ತದೆ. 42 ಡಿಗ್ರಿಯ ಗಾಳಿಯಲ್ಲಿ ಶಬ್ದದ ವೇಗ 356 ಮೀಟರ್. ಶಬ್ದಕ್ಕಿಂತ ವೇಗವಾಗಿ ಅಂಚು ಓಡುವ ಆ ಲೋಹದ ಚಕ್ರ, ಅಚ್ಚಿನ ಸುತ್ತಲಿನ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತ ತಿರುಗುತ್ತಿರುತ್ತದೆ. ಎಂಜಿನ್ ಆಯಿಲ್ ವಿಷಯದಲ್ಲಿ ಗ್ಯಾರೇಜಿನವರು ಅಷ್ಟು ಖಡಕ್ಕಾಗಿ ಮಾತಾಡುವುದು ಇದೇ ಕಾರಣಕ್ಕೆ.

ಲೀಟರಿಗೆ ಎಷ್ಟು ಎಳೆತ

ಟರ್ಬೊ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಕಾರಿನ ಡೀಸೆಲ್ ಎಂಜಿನ್‌ಗೆ ಟರ್ಬೊ ಮತ್ತು ನೇರ ಚಿಮ್ಮಿಕೆ ಎರಡೂ ಒಟ್ಟಿಗೆ ಬಂದದ್ದು 1980ರ ದಶಕದ ಕೊನೆಗೆ, ಇಟಲಿಯ ಫಿಯಟ್ ಕ್ರೋಮಾದಲ್ಲಿ. 1989ರಲ್ಲಿ ಔಡಿ 100ರಲ್ಲಿ ಇಂಥ ಎಂಜಿನ್ ಬಂದ ಮೇಲೆ ಟಿಡಿಐ ಎಂಬ ಮೂರಕ್ಷರ ಜಗತ್ತಿನಲ್ಲೆಲ್ಲ ಪರಿಚಿತವಾಯಿತು. ಆ ಔಡಿಯ ಎಂಜಿನ್ 2,461 ಸಿಸಿ, 120 ಅಶ್ವಶಕ್ತಿ, 265 ನ್ಯೂಟನ್ ಮೀಟರ್. ಒಂದು ಲೀಟರ್ ಗಾತ್ರಕ್ಕೆ 108 ನ್ಯೂಟನ್ ಮೀಟರ್ ಬಿದ್ದಂತಾಯಿತು.

ನಮ್ಮ ರಸ್ತೆಗಳ ಗಾಡಿಗಳನ್ನು ಇದೇ ಅಳತೆಗೆ ಹಚ್ಚಿ ನೋಡಿ:

1998ರ ಟಾಟಾ ಇಂಡಿಕಾ ಡೀಸೆಲ್, ಟರ್ಬೊ ಇಲ್ಲ, 1,405 ಸಿಸಿ: 85 ನ್ಯೂಟನ್ ಮೀಟರ್, ಲೀಟರಿಗೆ 60.
ಹಿಂದಿನ ಬೊಲೆರೊ, 2,523 ಸಿಸಿ ಕಾಮನ್ ರೈಲ್ (ಒಂದೇ ಕೊಳವೆಯಲ್ಲಿ ಒತ್ತಡದ ಡೀಸೆಲ್ ಕೂಡಿಟ್ಟು ಎಲ್ಲ ಸಿಲಿಂಡರಿಗೂ ಹಂಚುವ ಏರ್ಪಾಡು): 195, ಲೀಟರಿಗೆ 77.
ಫೋರ್ಸ್ ಕ್ರೂಸರ್, 2,596 ಸಿಸಿ ಕಾಮನ್ ರೈಲ್: 250, ಲೀಟರಿಗೆ 96.
ಈಗಿನ ಬೊಲೆರೊ, 1,493 ಸಿಸಿ: 210, ಲೀಟರಿಗೆ 141.
2020ರವರೆಗೆ ಬಂದ ಸ್ವಿಫ್ಟ್ ಡೀಸೆಲ್, 1,248 ಸಿಸಿ: 190, ಲೀಟರಿಗೆ 152.
ಹ್ಯುಂಡೈ 1.5 ಡೀಸೆಲ್, 1,493 ಸಿಸಿ: 250, ಲೀಟರಿಗೆ 167.

ಇಂಡಿಕಾದಿಂದ ಹ್ಯುಂಡೈವರೆಗೆ ಎರಡೂಮುಕ್ಕಾಲು ಪಟ್ಟು. ಕ್ರೂಸರ್ ಕೆಳಗೆ ನಿಂತದ್ದನ್ನು ಕೊರತೆ ಎಂದು ನಾನು ಓದುವುದಿಲ್ಲ. ದಿನವಿಡೀ ಹೊರೆ ಹೊರುವ ಗಾಡಿಗೆ ದೊಡ್ಡ ಎಂಜಿನ್ನನ್ನು ಹಗುರವಾಗಿ ದುಡಿಸುವುದು ಬಾಳಿಕೆಯ ದಾರಿ. ಕಡಿಮೆ ಒತ್ತಡ, ಕಡಿಮೆ ಬಿಸಿ, ದೀರ್ಘ ಆಯುಷ್ಯ.

ಬೊಲೆರೊ 2,523ರಿಂದ 1,493ಕ್ಕೆ ಇಳಿದ ಕಥೆಯಲ್ಲಿ ತೆರಿಗೆಯ ಪಾಲೂ ಇದೆ. 2016ರಲ್ಲಿ ಬೊಲೆರೊ ಪವರ್ ಪ್ಲಸ್ ಬಂದಾಗ ಉದ್ದ 4 ಮೀಟರಿನೊಳಗೆ, ಎಂಜಿನ್ 1,500 ಸಿಸಿಯೊಳಗೆ ಬಂತು. ನಮ್ಮ ಸರ್ಕಾರ ಸಣ್ಣ ಕಾರು ಎಂದು ಒಪ್ಪುವುದು 4 ಮೀಟರಿನೊಳಗಿನ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದ ಗಾಡಿಯನ್ನು. 2025ರ ಸೆಪ್ಟೆಂಬರ್ 22ರಿಂದ ಅಂಥ ಗಾಡಿಗೆ ಜಿಎಸ್‌ಟಿ ಶೇ 18. ಅದಕ್ಕೆ ಮೊದಲು ಸೆಸ್ ಸೇರಿ ಸಣ್ಣ ಡೀಸೆಲ್ ಕಾರಿಗೆ ಶೇ 31 ಇತ್ತು. ಗೆರೆ ದಾಟಿದ ದೊಡ್ಡ ಕಾರಿಗೆ ಈಗ ಶೇ 40. ತೆರಿಗೆಗೆ ಮುಂಚಿನ ಬೆಲೆ ₹7 ಲಕ್ಷ ಇದ್ದರೆ ಸಣ್ಣದಕ್ಕೆ ₹1,26,000, ದೊಡ್ಡದಕ್ಕೆ ₹2,80,000. ವ್ಯತ್ಯಾಸ ₹1,54,000. ಮಾರುಕಟ್ಟೆಯಲ್ಲಿ 998, 1,199, 1,493, 1,498 ಎಂಬ ಅಂಕಿಗಳೇ ಏಕೆ ತುಂಬಿವೆ ಎನ್ನುವುದಕ್ಕೆ ಇದು ಉತ್ತರ. ಗೆರೆಯೊಳಗೆ ಎಂಜಿನ್ ಕುಗ್ಗಿಸಬೇಕು, ಎಳೆತ ಕುಗ್ಗಬಾರದು. ಟರ್ಬೊ ಇಲ್ಲದೆ ಅದು ಆಗದ ಮಾತು.

ಅರ್ಧ ಹನಿಯ ಕೆಲಸ

ಗಾಳಿ ಒಳಗೆ ಬಂದ ಮೇಲೆ ಡೀಸೆಲ್ ಅದರ ಜೊತೆ ಬೆರೆಯಬೇಕು. ಅದಕ್ಕೆ ಇರುವ ಸಮಯವೇ ಕಡಿಮೆ. 80ರ ವೇಗದಲ್ಲಿ ಲೀಟರಿಗೆ 16 ಕಿಲೊಮೀಟರ್ ಕೊಡುವ ಮೂರು ಸಿಲಿಂಡರಿನ ಗಾಡಿ ಗಂಟೆಗೆ 5 ಲೀಟರ್ ಕುಡಿಯುತ್ತದೆ. 2,000 ಸುತ್ತಿನಲ್ಲಿ ನಿಮಿಷಕ್ಕೆ 3,000 ಸಲ, ಗಂಟೆಗೆ 1,80,000 ಸಲ ಡೀಸೆಲ್ ಚಿಮ್ಮಬೇಕು. ಭಾಗಿಸಿದರೆ ಒಂದು ಸಲಕ್ಕೆ 28 ಘನ ಮಿಲಿಮೀಟರ್. ಒಂದು ಹನಿ ನೀರು ಸುಮಾರು 50 ಘನ ಮಿಲಿಮೀಟರ್ ಇರುತ್ತದೆ, ಅದರ ಅರ್ಧದ ಸುತ್ತ. ಈ ಅರ್ಧ ಹನಿಯನ್ನು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ಸಮಯದಲ್ಲಿ, 0.12 ಮಿಲಿಮೀಟರ್ ಅಡ್ಡಳತೆಯ ಆರೇಳು ತೂತುಗಳಿಂದ, ಮಂಜಿನಂತೆ ಹರಡಬೇಕು. ಅದೂ ಒಂದೇ ಏಟಿಗಲ್ಲ. ಮೊದಲು ಒಂದು ಚೂರು ಚಿಮ್ಮಿ ಬೆಂಕಿ ಹೊತ್ತಿಸಿ, ಆಮೇಲೆ ಮುಖ್ಯ ಪಾಲು. ಹಳೆಯ ಡೀಸೆಲ್ ಗಾಡಿಗಳ ಟಕಟಕ ಸದ್ದು ಹೊಸದರಲ್ಲಿ ಅಷ್ಟಾಗಿ ಕೇಳದಿರುವುದಕ್ಕೆ ಈ ಮೊದಲ ಚೂರೇ ಕಾರಣ.

ಎಂಜಿನ್ನಿನೊಳಗಿನ ಗಾಳಿಯೂ ತಯಾರಾಗಿರುತ್ತದೆ. ಇಂಟರ್‌ಕೂಲರ್ ದಾಟಿ 72 ಡಿಗ್ರಿಯಲ್ಲಿ ಬಂದದ್ದನ್ನು ಪಿಸ್ಟನ್ ಹದಿನಾರೂವರೆ ಪಟ್ಟು ಅದುಮಿದಾಗ ಅದು 650 ಡಿಗ್ರಿಗೆ ಏರುತ್ತದೆ. ಡೀಸೆಲ್ ಇನ್ನೂರು ಚಿಲ್ಲರೆ ಡಿಗ್ರಿಯಲ್ಲೇ ತಾನಾಗಿ ಹೊತ್ತಿಕೊಳ್ಳುವ ಎಣ್ಣೆ, ಅದಕ್ಕೆ ಕಿಡಿ ಬೇಡ.

ಹಿಂದಿನ ಎಂಜಿನ್‌ಗಳಲ್ಲಿ ಡೀಸೆಲ್ ನೇರ ಸಿಲಿಂಡರಿಗೆ ಬೀಳುತ್ತಿರಲಿಲ್ಲ. ತಲೆಭಾಗದ ಒಂದು ಸಣ್ಣ ಕೋಣೆಯಲ್ಲಿ ಹೊತ್ತಿಕೊಂಡು, ಇಕ್ಕಟ್ಟಾದ ಬಾಯಿಂದ ಪಿಸ್ಟನ್ ಮೇಲೆ ನುಗ್ಗುತ್ತಿತ್ತು. ಇಂಡಿಕಾದ್ದೂ ಹೀಗೇ, ಬಜಾಜ್ ಟೆಂಪೊ ಕಂಪನಿಯ ಟ್ರ್ಯಾಕ್ಸ್‌ನಲ್ಲಿದ್ದ ಮರ್ಸಿಡಿಸ್ ಮೂಲದ 2.4 ಲೀಟರ್ ಎಂಜಿನ್ನೂ ಹೀಗೇ. ಗಟ್ಟಿಮುಟ್ಟು, ಎಂಥ ಡೀಸೆಲ್ ಹಾಕಿದರೂ ಓಡುತ್ತಿತ್ತು, ಆದರೆ ಆ ಕೋಣೆಯ ಗೋಡೆಗಳು ಬಿಸಿಯನ್ನು ನುಂಗುತ್ತಿದ್ದವು. ನೇರ ಚಿಮ್ಮಿಕೆಯ ಎಂಜಿನ್‌ಗಿಂತ ಅದಕ್ಕೆ ಶೇ 15ರಿಂದ 20ರಷ್ಟು ಹೆಚ್ಚು ಡೀಸೆಲ್ ಬೇಕು. ನಮ್ಮ 4.1 ಲೀಟರಿನ ಸರದಿಗೆ ಇದು 0.6ರಿಂದ 0.8 ಲೀಟರ್, ₹56ರಿಂದ ₹75. ದಿನಕ್ಕೆ ಎರಡು ಸಲ ಹೋಗಿಬಂದರೆ ನಾಲ್ಕು ಸರದಿ, 240 ಕಿಲೊಮೀಟರ್, ₹224ರಿಂದ ₹300. ತಿಂಗಳಿಗೆ 25 ದಿನ ಓಡಿದರೆ ₹5,600ರಿಂದ ₹7,500. ಸಾಲದ ಕಂತು ಕಟ್ಟುವ ಚಾಲಕನಿಗೆ ಇದು ಕಂತಿನ ದೊಡ್ಡ ಪಾಲು. ಹೊಸ ತಂತ್ರಜ್ಞಾನದ ಗಳಿಕೆ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ.

ಒತ್ತಡದ ಅಂಕಿಗಳೂ ದೊಡ್ಡವು. ಕಾಮನ್ ರೈಲ್ ಕಾರಿಗೆ ಬಂದದ್ದು 1997ರಲ್ಲಿ, ಆಲ್ಫಾ ರೊಮಿಯೊ 156ರಲ್ಲಿ. ಆಗ 1,350 ಬಾರ್. ಈಗ 1,600ರಿಂದ 2,000 ಬಾರ್ ಸಾಮಾನ್ಯ. ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್. ಈ ಪಂಪು, ನಾಝಲ್‌ಗಳ ವಿದ್ಯೆಗೆ ಕರ್ನಾಟಕದಲ್ಲಿ ಹಳೆಯ ಬೇರಿದೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೊ, ಆಡುಗೋಡಿಯ ಕಾರ್ಖಾನೆಯಿಂದ ದೇಶದ ಲಾರಿ, ಟ್ರ್ಯಾಕ್ಟರ್, ನೀರಿನ ಎಂಜಿನ್‌ಗಳಿಗೆಲ್ಲ ಡೀಸೆಲ್ ಪಂಪು ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಆ ಹಳೆ ಪಂಪನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿಗಳು ಒಂದು ಕಾಲಕ್ಕೆ ಊರೂರಲ್ಲಿದ್ದರು. 2,000 ಬಾರಿನಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಇಂಜೆಕ್ಟರನ್ನು ಬಿಚ್ಚಲು ಧೂಳಿಲ್ಲದ ಕೋಣೆ, ಪರೀಕ್ಷಾ ಬೆಂಚು ಬೇಕು.

ಮೇ ತಿಂಗಳು, ಹತ್ತಿಯ ಎಳೆ, ಎರೆಯ ಧೂಳು

ಬೇಸಿಗೆಯಲ್ಲಿ ಗಾಡಿ ಎಳೆಯುವುದಿಲ್ಲ ಎಂಬ ಮಾತು ಚಾಲಕರಲ್ಲಿ ಹಳೆಯದು, ಅದಕ್ಕೆ ಅಂಕಿಯ ಆಧಾರವೂ ಇದೆ. ಡಿಸೆಂಬರಿನ ಬೆಳಗ್ಗೆ 20 ಡಿಗ್ರಿಯಲ್ಲಿ ಯಾದಗಿರಿಯ ಗಾಳಿ ಘನ ಮೀಟರಿಗೆ 1.15 ಕಿಲೊ, ಮೇ ಮಧ್ಯಾಹ್ನ 1.06. ಶೇ 8 ಕಡಿಮೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 28 ಡಿಗ್ರಿಯ ದಿನ ಗಾಳಿ ತೂಗುವುದು 1.05. ಎಂದರೆ ಮೇ ತಿಂಗಳ ಯಾದಗಿರಿ, ಎಂಜಿನ್‌ನ ಪಾಲಿಗೆ, ಬೆಂಗಳೂರಿನಷ್ಟೇ ಎತ್ತರದ ಊರು.

ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಈ ಶೇ 8 ನೇರ ನಷ್ಟ. ಟರ್ಬೊ ಇರುವುದರಲ್ಲಿ ಕಂಪ್ಯೂಟರ್ ಗಾಳಿಯ ಒತ್ತಡ, ಬಿಸಿ ಎರಡನ್ನೂ ಅಳೆದು, ಚಕ್ರವನ್ನು ಇನ್ನಷ್ಟು ವೇಗವಾಗಿ ತಿರುಗಿಸಿ, ಕೈಲಾದಷ್ಟು ತುಂಬಿಕೊಳ್ಳುತ್ತದೆ. ಎಸಿ ಹಾಕಿದಾಗಲಂತೂ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಎಸಿ 3 ಕಿಲೊವ್ಯಾಟ್ ತಿನ್ನುತ್ತದೆ ಎನ್ನೋಣ. 1,500 ಸುತ್ತಿನಲ್ಲಿ ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಎಂಜಿನ್ ಕೊಡಬಲ್ಲದ್ದೇ 16 ಕಿಲೊವ್ಯಾಟ್ ಸುತ್ತ, ಅದರಲ್ಲಿ ಐದನೇ ಒಂದು ಪಾಲಿನಷ್ಟು ಎಸಿಗೇ ಹೋಯಿತು. 200 ನ್ಯೂಟನ್ ಮೀಟರಿನ ಟರ್ಬೊ ಡೀಸೆಲ್ ಅದೇ ಸುತ್ತಿನಲ್ಲಿ 31 ಕಿಲೊವ್ಯಾಟ್ ಕೊಡುತ್ತದೆ. ಎಸಿಯ ಪಾಲು ಹತ್ತನೇ ಒಂದು.

ಟರ್ಬೊದ ಈ ಲಾಭಕ್ಕೊಂದು ಷರತ್ತಿದೆ. ಸುತ್ತು ಇಳಿದರೆ ಹೊಗೆ ಕಡಿಮೆ, ಹೊಗೆ ಕಡಿಮೆಯಾದರೆ ಟರ್ಬೊ ನಿಧಾನ. ಸುರಪುರ ಗುಡ್ಡದೂರು. ಏರಿನಲ್ಲಿ ತುಂಬಿದ ಗಾಡಿಯನ್ನು ಮೇಲಿನ ಗೇರಿನಲ್ಲೇ ಎಳೆಸಿದರೆ ಎಂಜಿನ್ 1,200ಕ್ಕೆ ಕುಸಿದು, ಟರ್ಬೊ ಇದ್ದೂ ಇಲ್ಲದಂತಾಗುತ್ತದೆ. ಬೊಲೆರೊದ ಪೂರ್ತಿ ಎಳೆತ 1,600ರಿಂದ 2,200ರ ನಡುವಿನ 600 ಸುತ್ತುಗಳಲ್ಲೇ ಇದೆ. ಗೇರ್ ಇಳಿಸಿ ಎಂಜಿನ್ನನ್ನು ಅಲ್ಲೇ ಇಟ್ಟುಕೊಂಡರೆ ಡೀಸೆಲ್ಲೂ ಉಳಿಯುತ್ತದೆ, ಕ್ಲಚ್ಚೂ ಉಳಿಯುತ್ತದೆ.

ಬಿಸಿಲಿನಷ್ಟೇ ದುಬಾರಿಯಾದ ಇನ್ನೊಂದು ವಿಷಯ ಇಂಟರ್‌ಕೂಲರಿನ ಕೊಳೆ. ಸುಗ್ಗಿಯ ತಿಂಗಳುಗಳಲ್ಲಿ ಹತ್ತಿ ಹೇರಿದ ಗಾಡಿಗಳ ಹಿಂದೆ, ಜಿನ್ನಿಂಗ್ ಮಿಲ್ಲುಗಳ ಮುಂದೆ ಓಡಾಡುವ ವಾಹನಗಳ ಮುಂಭಾಗದ ಜಾಲರಿಗೆ ಹತ್ತಿಯ ಎಳೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಶೇ 70ರಷ್ಟು ಬಿಸಿ ಇಳಿಸುತ್ತಿದ್ದ ಇಂಟರ್‌ಕೂಲರ್ ಶೇ 40ಕ್ಕೆ ಬಂದರೆ, ಎಂಜಿನ್‌ಗೆ ಹೋಗುವ ಗಾಳಿ 72ರ ಬದಲು 101 ಡಿಗ್ರಿ ಇರುತ್ತದೆ. ತೂಕ 1.94ರಿಂದ 1.79ಕ್ಕೆ ಇಳಿಯುತ್ತದೆ. ಇದೂ ಶೇ 8. ಇಡೀ ಬೇಸಿಗೆ ಕಸಿದುಕೊಳ್ಳುವಷ್ಟನ್ನೇ ಒಂದು ಕೊಳೆಯಾದ ಜಾಲರಿ ಕಸಿದುಕೊಳ್ಳುತ್ತದೆ. ಬಿಸಿಲನ್ನು ನಾವು ಇಳಿಸಲಾರೆವು. ಜಾಲರಿಯನ್ನು ಕಡಿಮೆ ಒತ್ತಡದ ನೀರಿನಿಂದ, ರೆಕ್ಕೆ ಬಗ್ಗದಂತೆ ತೊಳೆಯಬಲ್ಲೆವು.

ಧೂಳಿನ ಲೆಕ್ಕ ಇನ್ನೂ ಗಂಭೀರ. ದಿನಕ್ಕೆ 240 ಕಿಲೊಮೀಟರ್ ಓಡುವ ಕ್ರೂಸರ್ ಎಳೆಯುವ ಗಾಳಿ 300 ಘನ ಮೀಟರ್. ಘನ ಮೀಟರಿಗೆ 1 ಮಿಲಿಗ್ರಾಂ ಧೂಳು ಎಂದು ಹಿಡಿದರೆ ದಿನಕ್ಕೆ 300 ಮಿಲಿಗ್ರಾಂ, ವರ್ಷಕ್ಕೆ 300 ದಿನದಂತೆ 90 ಗ್ರಾಂ. ಒಳ್ಳೆಯ ಏರ್ ಫಿಲ್ಟರ್ ನೂರರಲ್ಲಿ 99.5 ಪಾಲು ತಡೆದರೆ ಒಳಗೆ ಹೋಗುವುದು ಅರ್ಧ ಗ್ರಾಂಗಿಂತ ಕಡಿಮೆ. ಫಿಲ್ಟರಿನ ರಬ್ಬರ್ ಸಡಿಲವಾಗಿ ನೂರಕ್ಕೆ 5 ಪಾಲು ಗಾಳಿ ಪಕ್ಕದಿಂದ ನುಸುಳಿದರೆ ನಾಲ್ಕೂವರೆ ಗ್ರಾಂ, ಹತ್ತು ಪಟ್ಟು. ಸೆಕೆಂಡಿಗೆ 424 ಮೀಟರ್ ಓಡುವ ಟರ್ಬೊ ಅಂಚಿಗೆ ಆ ಕಣಗಳು ಬಡಿಯುತ್ತವೆ, ಮುಂದೆ ಪಿಸ್ಟನ್ ರಿಂಗುಗಳನ್ನು ತೇಯುತ್ತವೆ. ಕಚ್ಚಾ ದಾರಿಯಲ್ಲಿ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗ ಧೂಳು ಇದರ ಎಷ್ಟೋ ಪಟ್ಟು ಇರುತ್ತದೆ. ಏರ್ ಫಿಲ್ಟರಿಗೆ ಕೆಲವು ನೂರು ರೂಪಾಯಿ, ಟರ್ಬೊಗೆ ಹತ್ತಾರು ಸಾವಿರ. ಪುಸ್ತಕದಲ್ಲಿ ಹೇಳಿದ ಕಿಲೊಮೀಟರಿಗೆ ಮುಂಚೆಯೇ ಇಲ್ಲಿ ಫಿಲ್ಟರ್ ಬದಲಿಸಬೇಕು ಎಂದೇ ನನ್ನ ಖಚಿತ ಅಭಿಪ್ರಾಯ.

ಡೀಸೆಲ್ ದಾರಿಯ ಧೂಳು ಇನ್ನೂ ಅಪಾಯದ್ದು. ಎರೆ ಮಣ್ಣಿನಲ್ಲಿ ಜೇಡಿ ಹೆಚ್ಚು, ಜೇಡಿಯ ಕಣ 2 ಮೈಕ್ರಾನ್‌ಗಿಂತ ಕಿರಿದು. ಇಂಜೆಕ್ಟರಿನೊಳಗೆ ಸೂಜಿಗೂ ಅದರ ಗೂಡಿಗೂ ನಡುವಿನ ಸಂದು 2ರಿಂದ 4 ಮೈಕ್ರಾನ್. ಟ್ರ್ಯಾಕ್ಟರಿಗೆಂದು ಕ್ಯಾನಿನಲ್ಲಿ ತಂದು ಹೊಲದಲ್ಲಿಟ್ಟ ಡೀಸೆಲ್ಲನ್ನು ಅವಸರಕ್ಕೆ ಬೊಲೆರೊಗೆ ಸುರಿಯುವ ರೂಢಿ ಹಳ್ಳಿಗಳಲ್ಲಿದೆ. ಹಳೆಯ ಎಂಜಿನ್ ಅದನ್ನು ತಡೆದುಕೊಳ್ಳುತ್ತಿತ್ತು. 2,000 ಬಾರ್ ಒತ್ತಡದಲ್ಲಿ ಜೇಡಿ ಬೆರೆತ ಡೀಸೆಲ್ ಉಕ್ಕನ್ನೇ ಕೊರೆಯುತ್ತದೆ. ಕ್ಯಾನಿನ ತಳದ ನೀರು ತುಕ್ಕು ಹಿಡಿಸುತ್ತದೆ. ಐದು ಲೀಟರ್ ಕ್ಯಾನ್ ಡೀಸೆಲ್ ₹455. ಒಂದು ಇಂಜೆಕ್ಟರ್ ಕೆಟ್ಟರೂ ಹೋಗುವ ಹಣ ಇದರ ಎಷ್ಟೋ ಪಟ್ಟು.

ಪೆಟ್ರೋಲ್ ಟರ್ಬೊ ಯಾರಿಗೆ

2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಮಾರುತಿ, ಫೋಕ್ಸ್‌ವ್ಯಾಗನ್ ಡೀಸೆಲ್ ಕಾರು ನಿಲ್ಲಿಸಿದವು. ಡೀಸೆಲ್ ಕಾರಿನ ಮಸಿಯ ಮಿತಿ ಕಿಲೊಮೀಟರಿಗೆ 0.025 ಗ್ರಾಂನಿಂದ 0.0045ಕ್ಕೆ ಇಳಿಯಿತು. ಮಸಿ ಹಿಡಿಯುವ ಜಾಲರಿ ಬಂತು, ಬೆಲೆ ಏರಿತು. ಆ ಜಾಲರಿ 600 ಡಿಗ್ರಿ ಸುತ್ತ ಕಾದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಹದಿನೈದಿಪ್ಪತ್ತು ನಿಮಿಷದ ಒಂದೇ ಸಮನೆಯ ಓಟ ಬೇಕು. ಶಹಾಪುರ–ಸುರಪುರದ 25 ಕಿಲೊಮೀಟರ್ 60ರ ವೇಗದಲ್ಲಿ ಸರಿಯಾಗಿ ಸಾಲುತ್ತದೆ. ಊರೊಳಗೆ ಸಂತೆ, ಶಾಲೆ ಎಂದು ಸುತ್ತುವ ಗಾಡಿಗೆ ಸಾಲುವುದಿಲ್ಲ.

ಅಂಥ ಗಾಡಿಯವರ ಮುಂದೆ ಈಗ ಪೆಟ್ರೋಲ್ ಟರ್ಬೊ ನಿಂತಿದೆ. ಹ್ಯುಂಡೈ ವೆನ್ಯೂನ ಟರ್ಬೊ ಇಲ್ಲದ 1,197 ಸಿಸಿ ಎಂಜಿನ್ 114 ನ್ಯೂಟನ್ ಮೀಟರ್ ಕೊಡುತ್ತದೆ. ಅದೇ ಗಾಡಿಯ ಟರ್ಬೊ, ನೇರ ಚಿಮ್ಮಿಕೆಯ 998 ಸಿಸಿ ಎಂಜಿನ್ 172. ಚಿಕ್ಕದು ದೊಡ್ಡದನ್ನು ಮೀರಿಸಿತು. ಪೆಟ್ರೋಲ್‌ಗೆ ನೇರ ಚಿಮ್ಮಿಕೆ ಬೇಕಾಗುವುದು ಬೇರೆ ಕಾರಣಕ್ಕೆ. ಟರ್ಬೊ ಒತ್ತಿದ ಬಿಸಿ ಗಾಳಿಯಲ್ಲಿ ಪೆಟ್ರೋಲ್ ಕಿಡಿಯ ಬೆಂಕಿ ತನ್ನನ್ನು ಮುಟ್ಟುವ ಮುಂಚೆಯೇ ತಾನಾಗಿ ಸಿಡಿದುಬಿಡುತ್ತದೆ, ಎಂಜಿನ್ ಬಡಿಯುತ್ತದೆ. ಸಿಲಿಂಡರಿನೊಳಗೇ ಚಿಮ್ಮಿ ಆವಿಯಾಗುವಾಗ ಪೆಟ್ರೋಲ್ ಗಾಳಿಯ ಬಿಸಿಯನ್ನು ಇಪ್ಪತ್ತು ಡಿಗ್ರಿಯಷ್ಟು ಹೀರಬಲ್ಲದು. ಶೇ 20 ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಇನ್ನೂ ಹೆಚ್ಚು ಹೀರುತ್ತದೆ. ಆದರೆ ಅದರ ಲೀಟರಿನಲ್ಲಿರುವ ಶಕ್ತಿ 32 ಮೆಗಾಜೂಲ್‌ನಿಂದ 29.8ಕ್ಕೆ, ಶೇ 7ರಷ್ಟು ಇಳಿಯುತ್ತದೆ.

ಯಾವುದು ಲಾಭ? ಡೀಸೆಲ್ ಕಾರಿಗೆ ₹1,30,000 ಹೆಚ್ಚು ಕೊಟ್ಟಿರಿ ಎನ್ನೋಣ. ಡೀಸೆಲ್ ಲೀಟರಿಗೆ 18 ಕಿಲೊಮೀಟರ್ ಓಡಿದರೆ ಕಿಲೊಮೀಟರಿಗೆ ₹5.06. ₹103ರ ಪೆಟ್ರೋಲಿನಲ್ಲಿ ಟರ್ಬೊ 13 ಓಡಿದರೆ ₹7.92. ಉಳಿತಾಯ ₹2.86. ಹೆಚ್ಚು ಕೊಟ್ಟದ್ದು ತೀರಲು 45,000 ಕಿಲೊಮೀಟರ್ ಓಡಬೇಕು. ತಿಂಗಳಿಗೆ 1,000 ಕಿಲೊಮೀಟರ್ ಓಡುವ ಶಹಾಪುರದ ಶಿಕ್ಷಕರ ಮನೆಗೆ ಅದು ಮೂರೂಮುಕ್ಕಾಲು ವರ್ಷ. ದಿನಕ್ಕೆ 240 ಓಡುವ ಬಾಡಿಗೆ ಗಾಡಿಗೆ 190 ದಿನ. ತಿಂಗಳಿಗೆ 500 ಕಿಲೊಮೀಟರ್ ಮೀರದವರಿಗೆ ಏಳೂವರೆ ವರ್ಷ. ಅವರಿಗೆ ಡೀಸೆಲ್ ಬೇಡ ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಇನ್ನು ಒಂದು ನಿಮಿಷದ ಲೆಕ್ಕ ಉಳಿದಿದೆ. 60 ಕಿಲೊಮೀಟರ್ ಓಡಿ, ಸುರಪುರದ ಏರು ಹತ್ತಿ ನಿಂತ ಗಾಡಿಯ ಟರ್ಬೊ ನೂರಾರು ಡಿಗ್ರಿ ಬಿಸಿಯಲ್ಲಿರುತ್ತದೆ. ಬಂದ ಕೂಡಲೇ ಚಾವಿ ತಿರುಗಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ, ಅಚ್ಚಿನ ಸುತ್ತ ಉಳಿದ ಆಯಿಲ್ ಅಲ್ಲೇ ಕರಕಾಗುತ್ತದೆ. ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಟ್ಟರೆ ಆ ಬಿಸಿಯನ್ನು ಆಯಿಲೇ ಹೊತ್ತೊಯ್ಯುತ್ತದೆ. ನಿಂತಲ್ಲಿ ಗಂಟೆಗೆ 0.7 ಲೀಟರ್ ಕುಡಿಯುವ ಎಂಜಿನ್‌ಗೆ ಒಂದು ನಿಮಿಷಕ್ಕೆ 12 ಮಿಲಿಲೀಟರ್, ₹1.06. ದಿನದ ನಾಲ್ಕು ಸರದಿಗೆ ನಾಲ್ಕು ನಿಮಿಷ, 47 ಮಿಲಿಲೀಟರ್, ₹4.25. ಹತ್ತಿಗುಡೂರ ಕ್ರಾಸಿನಲ್ಲಿ ಒಮ್ಮೆ ಬ್ರೇಕ್ ಹಾಕಿ ಮತ್ತೆ 60ಕ್ಕೆ ಏರುವ ಖರ್ಚಿಗಿಂತ 35 ಪೈಸೆ ಹೆಚ್ಚು.